ಇರಲು ಹಕ್ಕುಂಟು, ಮಾರಲು ಇಲ್ಲ

ಉತ್ತರ ಬೆಂಗಳೂರಿನ ಒಂದು ಮನೆಯ ಕಾಗದಪತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿ. 2002ರಲ್ಲಿ, ಮದುವೆಗೆ ಕೆಲವೇ ತಿಂಗಳು ಮುಂಚೆ, ಹುಡುಗ ತನ್ನ ಹೆಸರಿಗೆ ಆಸ್ತಿ ಕೊಂಡ. 2006ರಲ್ಲಿ ಅದನ್ನು ತನ್ನ ತಂದೆಗೇ ಕ್ರಯ ಮಾಡಿಕೊಟ್ಟ. 2009ರಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ. 2010ರಲ್ಲಿ ತಂದೆ ಅದೇ ಆಸ್ತಿಯನ್ನು ತಮ್ಮ ಹೆಂಡತಿಗೆ ದಾನಪತ್ರ ಬರೆದುಕೊಟ್ಟರು. ಮನೆ ಗಂಡನಿಂದ ಮಾವನಿಗೆ, ಮಾವನಿಂದ ಅತ್ತೆಗೆ ಹೋಯಿತು. ಒಳಗಿದ್ದ ಸೊಸೆ ಇದ್ದಲ್ಲೇ ಇದ್ದರು. 2015ರಲ್ಲಿ ಅತ್ತೆ–ಮಾವ ಹಿರಿಯ ನಾಗರಿಕರ ಪಾಲನೆ, ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆಯನ್ನು ಹಿಡಿದು ಉಪವಿಭಾಗಾಧಿಕಾರಿಯ (ಎ.ಸಿ.) ಮುಂದೆ ಹೋದರು. ಮನೆ ನಮ್ಮದು, ಇವಳನ್ನು ಖಾಲಿ ಮಾಡಿಸಿಕೊಡಿ ಎಂದರು. ಎ.ಸಿ. ಕೋರ್ಟು ಖಾಲಿ ಮಾಡಿ ಎಂದಿತು. ಜಿಲ್ಲಾಧಿಕಾರಿ ಅದನ್ನೇ ಎತ್ತಿಹಿಡಿದರು. ಹೈಕೋರ್ಟಿನಲ್ಲೂ ಸೊಸೆ ಸೋತರು.

ಆಕೆ ಸುಪ್ರೀಂ ಕೋರ್ಟಿಗೆ ಹೋದರು. ಎಸ್. ವನಿತಾ ವಿರುದ್ಧ ಬೆಂಗಳೂರು ನಗರ ಜಿಲ್ಲಾಧಿಕಾರಿ ಎಂದು ವಕೀಲರ ಬಾಯಲ್ಲಿ ಈಗ ಓಡಾಡುವ ಪ್ರಕರಣ ಅದು. 2020ರ ಡಿಸೆಂಬರ್ 15ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಇಂದೂ ಮಲ್ಹೋತ್ರಾ, ಇಂದಿರಾ ಬ್ಯಾನರ್ಜಿ ಅವರ ಪೀಠ ಖಾಲಿ ಮಾಡಿಸುವ ಆದೇಶವನ್ನು ರದ್ದು ಮಾಡಿತು. ಹಿರಿಯರಿಗೆ ಬೇಗ ನ್ಯಾಯ ಸಿಗಲೆಂದು ಮಾಡಿದ ಕಾನೂನನ್ನು ಮುಂದಿಟ್ಟುಕೊಂಡು, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಕೊಟ್ಟ ವಾಸದ ಹಕ್ಕನ್ನು ಅಳಿಸಿಹಾಕುವಂತಿಲ್ಲ ಎಂಬುದು ಅದರ ಸಾರ. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಸೊಸೆಗೆ ಮನೆ ಸಿಕ್ಕಿತು ಎಂದು ಬಹಳ ಜನ ತಿಳಿದರು.

ಮನೆ ಸಿಗಲಿಲ್ಲ. ಸಿಕ್ಕಿದ್ದು ಒಂದು ವರ್ಷ. ಅಷ್ಟು ಕಾಲ ಆಕೆಯನ್ನು ಬಲವಂತವಾಗಿ ಹೊರಹಾಕಬಾರದು, ಮನೆಯನ್ನು ಬೇರೆಯವರಿಗೆ ಪರಭಾರೆ ಮಾಡಬಾರದು. ಆ ಅವಧಿಯಲ್ಲಿ ಆಕೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅಡಿ ತಕ್ಕ ನ್ಯಾಯಾಲಯಕ್ಕೆ ಹೋಗಿ ತನ್ನ ಹಕ್ಕು ಕೇಳಿಕೊಳ್ಳಬಹುದು ಎಂದಿತು ಕೋರ್ಟು. ಗಂಡ–ಹೆಂಡಿರ, ಅತ್ತೆ–ಸೊಸೆಯರ ವ್ಯಾಜ್ಯಗಳಲ್ಲಿ ಇಂಥ ತೀರ್ಪು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಯಾರು ಗೆದ್ದರು ಎಂಬುದಲ್ಲ. ಏನು ಸಿಕ್ಕಿತು, ಎಷ್ಟು ದಿನಕ್ಕೆ ಸಿಕ್ಕಿತು ಎಂಬುದು.

ಈ ಗೊಂದಲಕ್ಕೆ ಕಾರಣ ಸ್ಪಷ್ಟ. ನಮ್ಮ ಕಾನೂನಿನಲ್ಲಿ ಮನೆಯಲ್ಲಿ ಇರುವ ಹಕ್ಕು ಬೇರೆ, ಮನೆಯ ಮೇಲಿನ ಹಕ್ಕು ಬೇರೆ. ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿ ಹೆಂಡತಿಯದ್ದಾಗುವುದಿಲ್ಲ, ಹೆಂಡತಿಯದು ಗಂಡನದ್ದಾಗುವುದಿಲ್ಲ. ಯಾರ ಹೆಸರಿಗೆ ಕ್ರಯಪತ್ರವೋ ಅವರದೇ ಸ್ವತ್ತು. ಇಪ್ಪತ್ತು ವರ್ಷ ಆ ಅಡುಗೆಮನೆಯಲ್ಲಿ ಬೆಂದದ್ದು, ಮನೆ ಕಟ್ಟುವಾಗ ಬಳೆ ಅಡವಿಟ್ಟದ್ದು, ಕ್ಯೂರಿಂಗ್‌ಗೆಂದು ದಿನಕ್ಕೆರಡು ಸಲ ಗೋಡೆಗೆ ನೀರು ಹಾಕಿದ್ದು, ಇವ್ಯಾವುದೂ ಇ.ಸಿ.ಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ಕಾಣುವುದಿಲ್ಲ. ವಿಚ್ಛೇದನದ ಮಾತು ಬಂದ ದಿನ ಹೆಚ್ಚಿನ ಹೆಂಗಸರಿಗೆ ಇದು ಮೊದಲ ಬಾರಿ ಗೊತ್ತಾಗುತ್ತದೆ. ಗಂಡನ ಆಸ್ತಿಯಲ್ಲಿ ಅರ್ಧ ಬರುತ್ತದೆ ಎಂಬ ನಂಬಿಕೆ ಸಿನಿಮಾದಿಂದ ಬಂತೋ ಧಾರಾವಾಹಿಯಿಂದ ಬಂತೋ, ಊರೂರಲ್ಲೂ ಇದೆ. ಪಕ್ಕದ ಗೋವಾದಲ್ಲಾದರೆ ಅದು ನಿಜ. ಪೋರ್ಚುಗೀಸರ 1867ರ ನಾಗರಿಕ ಸಂಹಿತೆಯಿಂದ ಬಂದ ಪದ್ಧತಿಯಂತೆ ಅಲ್ಲಿ ಬೇರೆ ಕರಾರು ಮಾಡಿಕೊಳ್ಳದೆ ಮದುವೆಯಾದವರ ಆಸ್ತಿ ಇಬ್ಬರಿಗೂ ಸೇರಿದ್ದು. ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಮನೆ ಮಾರುವಂತಿಲ್ಲ. ಕಾರವಾರದ ಕಾಳಿ ಸೇತುವೆ ದಾಟಿ ಅರ್ಧ ಗಂಟೆ ಹೋದರೆ ಕಾನೂನೇ ಬೇರೆ. ಈಚೆ ದಡದಲ್ಲಿರುವ ನಮಗೆ ಅದಿಲ್ಲ. ಕೇಂದ್ರ ಸರ್ಕಾರ 2010ರಲ್ಲಿ ತಂದ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆ, ಮತ್ತೆ ಕೂಡದಷ್ಟು ಮುರಿದ ಮದುವೆಯಲ್ಲಿ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸಲು ಹೊರಟಿತ್ತು. 2013ರ ಆಗಸ್ಟಿನಲ್ಲಿ ರಾಜ್ಯಸಭೆ ದಾಟಿತು. ಮರುವರ್ಷ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಆಮೇಲೆ ಅದು ಕಾನೂನಾಗಲಿಲ್ಲ.

ಹಾಗಾಗಿ ಕೈಯಲ್ಲಿರುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ವಕೀಲರ ಬಾಯಲ್ಲಿ ಡಿ.ವಿ. ಕಾಯ್ದೆ. ಆ ವರ್ಷದ ಸೆಪ್ಟೆಂಬರಿನ ಒಂದೇ ವಾರ ಹೆಣ್ಣುಮಕ್ಕಳ ಮನೆಯ ಲೆಕ್ಕದಲ್ಲಿ ದೊಡ್ಡದು. 9ರಂದು ಹಿಂದೂ ಉತ್ತರಾಧಿಕಾರ ತಿದ್ದುಪಡಿ ಜಾರಿಗೆ ಬಂದು ತವರಿನ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮ ಪಾಲು ದೇಶಕ್ಕೆಲ್ಲ ಅನ್ವಯವಾಯಿತು (ಕರ್ನಾಟಕ ಅದನ್ನು 1994ರಲ್ಲೇ ಬಹುಮಟ್ಟಿಗೆ ಮಾಡಿತ್ತು). 13ರಂದು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ತವರಲ್ಲಿ ಪಾಲು, ಗಂಡನ ಮನೆಯಲ್ಲಿ ಸೂರು. ಪಾಲು ಮತ್ತು ಸೂರು ಒಂದೇ ಅಲ್ಲ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ.

ಈ ಎರಡನೇ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವುದು, ಎಲ್ಲ ಧರ್ಮದ ಹೆಂಗಸರಿಗೂ ಅನ್ವಯ. ಬರೀ ಹೆಂಡತಿಗಲ್ಲ, ಅಮ್ಮ, ಅಕ್ಕತಂಗಿ, ಮದುವೆಯಂಥ ಸಂಬಂಧದಲ್ಲಿ ಜೊತೆಗಿದ್ದವರು, ಎಲ್ಲರಿಗೂ. ಅದರ 17ನೇ ಕಲಮು ಹೇಳುವುದು ಇಷ್ಟು: ಹೆಣ್ಣಿಗೆ ತಾನು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕಿದೆ, ಆ ಮನೆಯಲ್ಲಿ ಅವಳಿಗೆ ಒಡೆತನ ಇರಲಿ ಬಿಡಲಿ. ಕಾನೂನು ರೀತ್ಯಾ ಅಲ್ಲದೆ ಅವಳನ್ನು ಹೊರಹಾಕುವಂತಿಲ್ಲ. ಇಂಥ ಮನೆಯನ್ನು ವಕೀಲರು ‘ಶೇರ್ಡ್ ಹೌಸ್‌ಹೋಲ್ಡ್’ ಎಂದೇ ಕರೆಯುತ್ತಾರೆ. ಸ್ವಂತದ್ದಾಗಬಹುದು, ಬಾಡಿಗೆಯದಾಗಬಹುದು, ಗಂಡ ಸದಸ್ಯನಾಗಿರುವ ಅವಿಭಕ್ತ ಕುಟುಂಬದ್ದಾಗಬಹುದು.

ಹಕ್ಕಿದೆ ಎಂದ ಮೇಲೆ ಅದನ್ನು ಕೊಡಿಸುವ ಆದೇಶ ಬೇಕಲ್ಲ. ಅದು 18 ಮತ್ತು 19ನೇ ಕಲಮುಗಳಲ್ಲಿದೆ. 18ರದು ರಕ್ಷಣಾ ಆದೇಶ: ಹೊಡೆಯಬೇಡ, ಬೆದರಿಸಬೇಡ, ಅವಳು ಕೆಲಸ ಮಾಡುವ ಜಾಗಕ್ಕೆ ಹೋಗಬೇಡ, ಜಂಟಿ ಖಾತೆಯ ಹಣ, ಸ್ತ್ರೀಧನ ಮುಟ್ಟಬೇಡ. 19ರದು ವಾಸದ ಆದೇಶ, ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಅವಳನ್ನು ಮನೆಯಿಂದ ಹೊರಹಾಕಬೇಡ ಎನ್ನಬಹುದು. ನೀನೇ ಮನೆ ಬಿಟ್ಟು ಹೊರಡು ಎಂದು ಗಂಡನಿಗೆ ಹೇಳಬಹುದು. ಅವಳಿರುವ ಭಾಗಕ್ಕೆ ಅವನೂ ಅವನ ಕಡೆಯವರೂ ಕಾಲಿಡಬಾರದು ಎನ್ನಬಹುದು. ಮನೆಯನ್ನು ಮಾರಬೇಡ, ಅಡವಿಡಬೇಡ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ನಿನ್ನ ಹಕ್ಕು ಬಿಡುಗಡೆ ಮಾಡಿಕೊಡಬೇಡ ಎನ್ನಬಹುದು. ಇಲ್ಲಿರಲು ಆಗದಿದ್ದರೆ ಇದೇ ಮಟ್ಟದ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕಟ್ಟು ಎನ್ನಬಹುದು. ಠಾಣೆಯವರು ರಕ್ಷಣೆ ಕೊಡಬೇಕೆಂದು ಆದೇಶಿಸಬಹುದು. ಇದರಲ್ಲಿ ಒಂದು ತಡೆ ಇದೆ: ಮನೆ ಬಿಟ್ಟು ಹೊರಡು ಎಂಬ ಆದೇಶವನ್ನು ಹೆಂಗಸಿನ ಮೇಲೆ ಹೊರಡಿಸುವಂತಿಲ್ಲ. ಗಂಡನನ್ನು ಆಚೆ ಕಳಿಸಬಹುದು, ಅತ್ತೆಯನ್ನು ಕಳಿಸಲಾಗದು. 2016ರಲ್ಲಿ ಸುಪ್ರೀಂ ಕೋರ್ಟು ಹೆಂಗಸರ ವಿರುದ್ಧವೂ ಈ ಕಾಯ್ದೆಯಡಿ ಅರ್ಜಿ ಹಾಕಬಹುದು ಎಂದ ಮೇಲೂ ಈ ತಡೆ ಹಾಗೇ ಇದೆ.

ಹೇಳಲು ಸುಲಭ. ಮನೆಯೊಳಗೆ ಈ ಆದೇಶ ಹೇಗೆ ಬದುಕುತ್ತದೆ ಎಂಬುದನ್ನು ನೋಡಬೇಕು. ಕೆಳಗೆ ಅತ್ತೆ–ಮಾವ, ಮೇಲೆ ಸೊಸೆ–ಮಕ್ಕಳು, ನಡುವೆ ಒಂದೇ ಮೆಟ್ಟಿಲು, ಒಂದೇ ಗೇಟು, ಒಂದೇ ಸಂಪು. ಮೋಟರಿನ ಸ್ವಿಚ್ಚು ಕೆಳಗಿನ ಮನೆಯೊಳಗೆ. ಮೇಲಿನ ಟ್ಯಾಂಕು ಖಾಲಿಯಾದರೆ ಹಾಕುವವರು ಯಾರು? ಕರೆಂಟ್ ಬಿಲ್ಲು ಮಾವನ ಹೆಸರಿನಲ್ಲಿ, ಕಟ್ಟದಿದ್ದರೆ ಫ್ಯೂಸ್ ಕೀಳುವವರಿಗೆ ಡಿ.ವಿ. ಆದೇಶ ತೋರಿಸಿದರೆ ಅವರು ತಲೆ ಕೆರೆದುಕೊಳ್ಳುತ್ತಾರೆ. ಗೇಟಿಗೆ ಹೊಸ ಬೀಗ ಬಿದ್ದಿರುತ್ತದೆ, ಕೀಲಿ ‘ಮಾಡಿಸಬೇಕು’ ಆಗಿರುತ್ತದೆ. ಹೊರಹಾಕಬಾರದು ಎಂದಷ್ಟೇ ಬರೆದ ಆದೇಶ ಇಲ್ಲಿ ಸೋಲುತ್ತದೆ, ಯಾಕೆಂದರೆ ಯಾರೂ ಹೊರಹಾಕಿಲ್ಲ, ಇರಲಾಗದಂತೆ ಮಾಡಿದ್ದಾರೆ. ಕಾಯ್ದೆ ಇದನ್ನು ಊಹಿಸಿದೆ: ಮನೆಯಲ್ಲಿ ಬಳಸುತ್ತಿದ್ದ ಸೌಕರ್ಯ ತಪ್ಪಿಸುವುದನ್ನೂ ಅದು ಆರ್ಥಿಕ ದೌರ್ಜನ್ಯದ ಲೆಕ್ಕಕ್ಕೆ ಸೇರಿಸಿದೆ. ಅನುಭವವಿರುವ ವಕೀಲರು ಅರ್ಜಿಯಲ್ಲೇ ನೀರು, ಕರೆಂಟು, ಗೇಟಿನ ಕೀಲಿ, ಬಟ್ಟೆ ಒಣಗಿಸುವ ತಾರಸಿ, ಗಾಡಿ ನಿಲ್ಲಿಸುವ ಜಾಗ, ಎಲ್ಲವನ್ನೂ ಹೆಸರಿಸಿ ಕೇಳುತ್ತಾರೆ. ಯಾವ ಮಹಡಿ, ಯಾವ ಕೋಣೆ ಎಂದು ನಕ್ಷೆ ಲಗತ್ತಿಸುವುದೂ ಉಂಟು. ಸಣ್ಣತನ ಅನ್ನಿಸಬಹುದು. ಆದರೆ ಈ ಕಾಯ್ದೆ ಕೆಲಸ ಮಾಡುವುದು ಇಂಥ ಸಣ್ಣ ವಿವರಗಳಲ್ಲೇ.

ಅರ್ಜಿ ಹೋಗುವುದು ಮ್ಯಾಜಿಸ್ಟ್ರೇಟರಿಗೆ. ಬೆಂಗಳೂರಿನಲ್ಲಿ ಎಂ.ಎಂ.ಟಿ.ಸಿ. ಎಂಬ ಸಂಚಾರಿ ನ್ಯಾಯಾಲಯಗಳೇ ವರ್ಷಗಳಿಂದ ಈ ಪ್ರಕರಣಗಳನ್ನು ನಡೆಸುತ್ತ ಬಂದಿವೆ. ಸಿಗ್ನಲ್ ದಾಟಿದ ಕೇಸು, ಸಂಸಾರ ಮುರಿದ ಕೇಸು ಒಂದೇ ಹೆಸರಿನ ಕೋರ್ಟಿನಲ್ಲಿ. ಮೊದಲ ವಿಚಾರಣೆ ಮೂರು ದಿನದೊಳಗೆ ಇಡಬೇಕು, ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಯಿದೆಗಳ ಲೋಕ ಕಂಡವರಿಗೆ ಈ 60 ದಿನದ ಮಾತು ಕೇಳಿ ನಗು ಬಂದರೆ ತಪ್ಪಲ್ಲ. ಅದಕ್ಕೇ 23ನೇ ಕಲಮಿನ ಮಧ್ಯಂತರ ಆದೇಶ ಅಷ್ಟು ಮುಖ್ಯ: ತುರ್ತು ಕಂಡರೆ ಎದುರುದಾರರನ್ನು ಕೇಳದೆಯೂ ಮ್ಯಾಜಿಸ್ಟ್ರೇಟರು ತಾತ್ಕಾಲಿಕ ಆದೇಶ ಕೊಡಬಹುದು. ವಕೀಲರಿಗೆ ಹಣವಿಲ್ಲದವರು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಹೆಂಗಸಾದರೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಅಂಗನವಾಡಿಗಳ ಮೇಲುಸ್ತುವಾರಿ ಮಾಡುವ ಸಿ.ಡಿ.ಪಿ.ಓ., ಈ ಕಾಯ್ದೆಯಡಿ ಹೆಂಗಸರಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿ. ಮೊಟ್ಟೆ, ಹಾಲಿನಪುಡಿಯ ಲೆಕ್ಕದ ನಡುವೆ ಈ ಕೆಲಸವೂ ಅವರ ತಲೆಯ ಮೇಲೆ. ಹೊರೆ ಹೆಚ್ಚಾಯಿತೆಂದು ಯಾರೂ ಲೆಕ್ಕ ಕೇಳಿಲ್ಲ.

ಇನ್ನು ಮನೆ ಗಂಡನ ಹೆಸರಿನಲ್ಲಿ ಇಲ್ಲದಿದ್ದರೆ? ನಮ್ಮ ಕಡೆ ಬಹುಪಾಲು ಮದುಮಕ್ಕಳು ಸಂಸಾರ ಹೂಡುವುದು ಅಪ್ಪ ಕಟ್ಟಿಸಿದ ಮನೆಯ ಮಹಡಿಯ ಮೇಲೆ. ಜಗಳವೆಲ್ಲ ಹುಟ್ಟಿದ್ದು ಇಲ್ಲೇ. ಕಾಯ್ದೆ ಜಾರಿಗೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ, 2006ರ ಡಿಸೆಂಬರ್ 15ರಂದು ದೆಹಲಿಯ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಬಾಗಿಲು ಹಾಕಿಬಿಟ್ಟಿತು. ಮನೆ ಅತ್ತೆಯದು, ಗಂಡನದಲ್ಲ, ಆದ್ದರಿಂದ ಸೊಸೆಗೆ ಅಲ್ಲಿ ಹಕ್ಕಿಲ್ಲ ಎಂದಿತು. ಗಂಡನ ಸ್ವಂತದ್ದು, ಅವನು ಬಾಡಿಗೆ ಹಿಡಿದದ್ದು ಅಥವಾ ಅವನಿರುವ ಅವಿಭಕ್ತ ಕುಟುಂಬದ್ದು ಮಾತ್ರ ‘ಶೇರ್ಡ್ ಹೌಸ್‌ಹೋಲ್ಡ್’ ಎಂಬುದು ಅದರ ಅರ್ಥ. ಗಂಡ–ಹೆಂಡತಿ ಹೋಗಿ ಉಳಿದ ನೆಂಟರ ಮನೆಗಳೆಲ್ಲ ಅವಳ ಹಕ್ಕಿನ ಮನೆಯಾದರೆ ಅನಾಹುತವಾದೀತು ಎಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಆತಂಕಪಟ್ಟಿದ್ದರು. ಆತಂಕದಲ್ಲಿ ಹುರುಳಿತ್ತು. ಆದರೆ ಮದುವೆಯಾದಂದಿನಿಂದ ಹಾಲುಕ್ಕಿಸಿ ಬಾಳಿದ ಮನೆಯನ್ನೂ, ಹಬ್ಬಕ್ಕೆ ಹೋಗಿ ನಾಲ್ಕು ದಿನ ಇದ್ದ ಸೋದರಮಾವನ ಮನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಸರಿಯಾಗಲಿಲ್ಲ.

ಹದಿನಾಲ್ಕು ವರ್ಷ ಆ ತೀರ್ಪೇ ನಡೆಯಿತು. ಮನೆಯನ್ನು ಅಪ್ಪ–ಅಮ್ಮನ ಹೆಸರಿಗೆ ಬರೆದರೆ ಸಾಕು, ಸೊಸೆಗೆ ಕಾಲಿಡಲು ನೆಲವಿಲ್ಲ ಎಂಬ ತಿಳಿವಳಿಕೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದಿನ ಪತ್ರಬರಹಗಾರರವರೆಗೂ ಇಳಿಯಿತು. ಗಂಡ ತನ್ನ ತಂದೆತಾಯಿಗೆ ಬರೆದುಕೊಟ್ಟ ದಾನಪತ್ರಗಳಲ್ಲಿ ಎಷ್ಟು ಪ್ರೀತಿಯಿಂದ ಬರೆದವು, ಎಷ್ಟು ಲಾಯರು ಹೇಳಿದ್ದರಿಂದ ಬರೆದವು ಎಂದು ಯಾರು ಹೇಳಬಲ್ಲರು.

2020ರ ಅಕ್ಟೋಬರ್ 15ರಂದು ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಾತ್ರಾ ತೀರ್ಪನ್ನು ತಳ್ಳಿಹಾಕಿತು. ಅದೂ ದೆಹಲಿಯದೇ. ಮಾವ 1983ರಲ್ಲಿ ಕೊಂಡ ಮನೆ, 1995ರಲ್ಲಿ ಮದುವೆಯಾಗಿ ಬಂದ ಸೊಸೆ, 2014ರಲ್ಲಿ ಮಗ ಹಾಕಿದ ವಿಚ್ಛೇದನದ ಅರ್ಜಿ. ಡಿ.ವಿ. ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಸೊಸೆಯನ್ನು ಹೊರಹಾಕದಂತೆ ಮಧ್ಯಂತರ ಆದೇಶ ಕೊಟ್ಟಿದ್ದರು. ಮಾವ ಸಿವಿಲ್ ಕೋರ್ಟಿಗೆ ಹೋಗಿ ಮನೆ ನನ್ನದು ಎಂದರು, ಅಲ್ಲಿ ಗೆದ್ದರು, ಹೈಕೋರ್ಟಿನಲ್ಲಿ ಸೋತರು. ಕಾಯ್ದೆಯ ಮಾತನ್ನು ಹಾಗೆಯೇ ಓದಿ, ಮನೆ ಗಂಡನ ಬಂಧುವಿನ ಸ್ವಂತದ್ದಾದರೂ ಸೊಸೆ ಅಲ್ಲಿ ನೆಲೆ ನಿಂತು ಸಂಸಾರ ಮಾಡಿದ್ದರೆ ಅದು ‘ಶೇರ್ಡ್ ಹೌಸ್‌ಹೋಲ್ಡ್’ ಎಂದಿತು ಸುಪ್ರೀಂ ಕೋರ್ಟು. ಬಂದುಹೋಗುವ ನೆಂಟಸ್ತಿಕೆ ಸಾಲದು, ನೆಲೆ ನಿಂತಿರಬೇಕು. ಬಾತ್ರಾ ಪೀಠದ ಆತಂಕಕ್ಕೆ ಹೀಗೆ ಉತ್ತರ ಸಿಕ್ಕಿತು.

ಸೊಸೆಯರ ಕಡೆಯವರು ಈ ತೀರ್ಪಿನ ಅರ್ಧವನ್ನೇ ಹೇಳುತ್ತಾರೆ. ಉಳಿದರ್ಧ ಹೀಗಿದೆ: ಮಾವ ಸಿವಿಲ್ ದಾವೆ ಹೂಡುವುದಕ್ಕೆ ಅಡ್ಡಿಯಿಲ್ಲ. ಡಿ.ವಿ. ಆದೇಶ ಇದ್ದ ಮಾತ್ರಕ್ಕೆ ಸಿವಿಲ್ ಕೋರ್ಟಿನ ಬಾಯಿ ಕಟ್ಟಿದಂತಲ್ಲ. ಸಾಕ್ಷಿ ತೆಗೆದುಕೊಂಡು, ಇಬ್ಬರ ಮಾತೂ ಕೇಳಿ, ಕಾನೂನಿನ ದಾರಿಯಲ್ಲಿ ಅದು ಸೊಸೆಯನ್ನು ಖಾಲಿ ಮಾಡಿಸಲೂಬಹುದು. ಹಿರಿಯರಿಗೂ ನೆಮ್ಮದಿಯಿಂದ ಬಾಳುವ ಹಕ್ಕಿದೆ, ಎರಡನ್ನೂ ತೂಗಿ ನೋಡಬೇಕು ಎಂದು ಪೀಠ ಸ್ಪಷ್ಟವಾಗಿ ಹೇಳಿದೆ. ನನಗೆ ಇದು ನ್ಯಾಯವೆಂದೇ ತೋರುತ್ತದೆ. ನಿವೃತ್ತಿಯ ದುಡ್ಡೆಲ್ಲ ಸುರಿದು ಕಟ್ಟಿಸಿದ ಮನೆಯಲ್ಲಿ ಎಪ್ಪತ್ತೈದರ ಮುದುಕಿ ತನ್ನ ಕೋಣೆಗೆ ಚಿಲಕ ಹಾಕಿಕೊಂಡು ಕೂರುವ ಸ್ಥಿತಿಯೂ ಇರುತ್ತದೆ.

ಆದರೆ ಈ ಪ್ರಕರಣಗಳನ್ನು ಒಟ್ಟಿಗೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಚುಚ್ಚುತ್ತದೆ. ಎದುರುಬದುರು ನಿಂತವರು ಸೊಸೆ ಮತ್ತು ಅತ್ತೆ–ಮಾವ. ಮದುವೆಯಾದವನೆಲ್ಲಿ? ನನ್ನ ಹೆಸರಿನಲ್ಲಿ ಏನೂ ಇಲ್ಲ ಎಂದು ಹೇಳಿ ಅವನು ಪಕ್ಕಕ್ಕೆ ಸರಿದಿರುತ್ತಾನೆ. ಬಾತ್ರಾ ಪ್ರಕರಣದ ಗಂಡ ಆ ಹೊತ್ತಿಗೆ ಗಾಜಿಯಾಬಾದಿನ ತನ್ನ ಫ್ಲ್ಯಾಟಿಗೆ ಹೋಗಿದ್ದ. ಸೂರಿನ ಹೊಣೆ ಮೊದಲು ಯಾರ ಮೇಲಿರಬೇಕೋ ಅವನು ಹೊರಗೆ, ಸಂಪಾದನೆ ಇಲ್ಲದ ಮೂವರು ಒಳಗೆ ಕಚ್ಚಾಟದಲ್ಲಿ. 19ನೇ ಕಲಮಿನ ಕೊನೆಯ ಅಸ್ತ್ರ, ಅಂದರೆ ಅದೇ ಮಟ್ಟದ ಬೇರೆ ಮನೆ ಇಲ್ಲವೇ ಬಾಡಿಗೆ, ಗುರಿಯಿಡುವುದು ನೇರವಾಗಿ ಅವನಿಗೆ. ಅದನ್ನು ಕೇಳುವವರು ಕಡಿಮೆ. ಹಟಕ್ಕೆ ಬಿದ್ದು ಅದೇ ಮನೆ, ಅದೇ ಮಹಡಿ ಬೇಕು ಎನ್ನುವವರೇ ಹೆಚ್ಚು. ಹಟದ ಹಿಂದೆ ಭಯವಿರುತ್ತದೆ: ಹೊರಗೆ ಕಾಲಿಟ್ಟರೆ ಹಕ್ಕೇ ಹೋದೀತು ಎಂಬ ಭಯ. 2022ರ ಮೇ 12ರ ಪ್ರಭಾ ತ್ಯಾಗಿ ತೀರ್ಪು ಆ ಭಯವನ್ನು ಸಾಕಷ್ಟು ತಗ್ಗಿಸಿದೆ. ಮದುವೆಯಾದ ತಿಂಗಳೊಳಗೆ ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಹೆಣ್ಣುಮಗಳ ಪ್ರಕರಣ ಅದು. ಅರ್ಜಿ ಹಾಕುವ ದಿನ ಆಕೆ ಆ ಮನೆಯಲ್ಲಿ ಇರಲೇಬೇಕೆಂದಿಲ್ಲ, ಮದುವೆಯ ಸಂಬಂಧದಿಂದ ಅಲ್ಲಿ ಇರುವ ಹಕ್ಕು ಅವಳಿಗಿತ್ತೇ ಎಂಬುದು ಮುಖ್ಯ ಎಂದು ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪ್ರಾಣ ಉಳಿಸಿಕೊಳ್ಳಲು ತವರಿಗೆ ಹೋದವರು ಮನೆ ಬಿಟ್ಟುಕೊಟ್ಟಂತಲ್ಲ.

ಮನೆ ಇಬ್ಬರ ಹೆಸರಿನಲ್ಲೂ ಇದ್ದರೆ ಲೆಕ್ಕ ಬೇರೆ. ಈಗಿನ ಬೆಂಗಳೂರಿನ ಫ್ಲ್ಯಾಟುಗಳು ಹೆಚ್ಚಾಗಿ ಹೀಗೇ, ಯಾಕೆಂದರೆ ಎರಡು ಸಂಬಳ ತೋರಿಸದೆ ಸಾಲ ಹುಟ್ಟುವುದಿಲ್ಲ. ವಾಸದ ಆದೇಶ ಬಂದು ಗಂಡ ಹೊರಗೆ ಹೋದರೂ ಅವನ ಅರ್ಧ ಅವನದೇ. ಆದೇಶ ಅವನ ಕಾಲನ್ನು ತಡೆಯುತ್ತದೆ, ಪಾಲನ್ನಲ್ಲ. ಬ್ಯಾಂಕಿಗಂತೂ ಸಂಸಾರ ಮುರಿದದ್ದು ಲೆಕ್ಕಕ್ಕಿಲ್ಲ; ಸಹಿ ಹಾಕಿದ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ನಾನು ಆ ಮನೆಯಲ್ಲಿಲ್ಲ, ಇ.ಎಂ.ಐ. ಏಕೆ ಕಟ್ಟಲಿ ಎಂದು ಗಂಡ ಕೈಬಿಟ್ಟರೆ ನೋಟಿಸು ಬರುವುದು ಒಳಗಿರುವವಳಿಗೆ, ಹರಾಜಾಗುವುದು ಇಬ್ಬರ ಮನೆ. ವಾಸದ ಆದೇಶ ಕೇಳುವಾಗಲೇ ಕಂತಿನ ಮಾತನ್ನೂ ಜೀವನಾಂಶದ ಅರ್ಜಿಯಲ್ಲಿ ಎತ್ತುವುದು ಜಾಣತನ. ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರವನ್ನು ಇಬ್ಬರೂ ಸಲ್ಲಿಸಲೇಬೇಕೆಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದೆ. ಗಂಡನ ಹೆಸರಿನಲ್ಲಿ ಏನೇನಿದೆ ಎಂದು ಹೆಂಡತಿಗೆ ಗೊತ್ತಾಗುವುದು ಎಷ್ಟೋ ಸಲ ಆ ಪ್ರಮಾಣಪತ್ರದಲ್ಲೇ. ಹಳ್ಳಿಗಳಲ್ಲಿ ಇದರ ತಿರುವುಮುರುವೂ ಉಂಟು: ಬಸವ ವಸತಿಯಂಥ ಯೋಜನೆಗಳಲ್ಲಿ ಸರ್ಕಾರ ಮನೆ ಮಂಜೂರು ಮಾಡುವುದು ಸಾಮಾನ್ಯವಾಗಿ ಹೆಂಗಸಿನ ಹೆಸರಿಗೇ. ಅಲ್ಲಿ ಹಕ್ಕುಪತ್ರ ಅವಳದು, ದಬ್ಬಾಳಿಕೆ ಅವನದು, ಹೊರಗೆ ಮಲಗುವವಳೂ ಅವಳೇ. ಅಂಥವಳಿಗೆ ಬೇಕಾದ್ದು ಹಕ್ಕಲ್ಲ, ಆದೇಶ ಜಾರಿ ಮಾಡುವ ಪೊಲೀಸು.

ಮಾರಬೇಡ ಎಂಬ ಆದೇಶದ ಬಗ್ಗೆ ಒಂದು ಎಚ್ಚರಿಕೆ. ಅದು ಮ್ಯಾಜಿಸ್ಟ್ರೇಟರ ಕಡತದಲ್ಲಿ ಮಲಗಿದ್ದರೆ ನೋಂದಣಿ ಕಚೇರಿಗೆ ತಿಳಿಯುವುದು ಹೇಗೆ? ಆದೇಶದ ದೃಢೀಕೃತ ನಕಲನ್ನು ಸಬ್‌ರಿಜಿಸ್ಟ್ರಾರಿಗೆ, ಸೊಸೈಟಿಗೆ, ಸಾಲ ಕೊಟ್ಟ ಬ್ಯಾಂಕಿಗೆ ಸ್ವೀಕೃತಿ ಪಡೆದು ಕೊಟ್ಟಿಡಬೇಕು. ಕೊಳ್ಳುವವನಿಗೂ ವಿಷಯ ತಿಳಿದಿತ್ತು ಎಂದು ನಾಳೆ ತೋರಿಸಲು ಅದು ಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 39ನೇ ಕಲಮು ಇಲ್ಲಿ ನೆನಪಾಗಬೇಕಾದದ್ದು: ಸ್ವತ್ತಿನ ಹುಟ್ಟುವಳಿಯಿಂದ ಜೀವನಾಂಶ ಪಡೆಯುವ ಹಕ್ಕು ಯಾರಿಗಾದರೂ ಇದ್ದು, ಆ ಸ್ವತ್ತನ್ನು ಪುಕ್ಕಟೆಯಾಗಿ ಬರೆದುಕೊಟ್ಟರೆ, ಪಡೆದವರ ಮೇಲೂ ಆ ಹಕ್ಕು ನಿಲ್ಲುತ್ತದೆ. ದಾನಪತ್ರದ ಕಳ್ಳದಾರಿಗೆ ಬ್ರಿಟಿಷರ ಕಾಲದಲ್ಲೇ ಒಂದು ಗೇಟು ಹಾಕಿತ್ತು. ಬಳಸುವವರು ವಿರಳ.

ಹೊರದೇಶದಲ್ಲಿರುವ ನಮ್ಮವರದ್ದು ಬೇರೆಯೇ ಪಾಡು. ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಆಸ್ತಿ ಸಮಪಾಲಾಯಿತೆಂದು ಡಿಕ್ರಿ ತಂದವರು, ಬನಶಂಕರಿಯ ಮನೆಯ ಖಾತೆಯೂ ತಾನಾಗಿ ಅರ್ಧವಾಯಿತೆಂದು ತಿಳಿಯುತ್ತಾರೆ. ಸ್ಥಿರಾಸ್ತಿ ಎಲ್ಲಿದೆಯೋ ಅಲ್ಲಿಯ ಕೋರ್ಟೇ ಅದರ ಮಾತು ತೀರ್ಮಾನಿಸಬೇಕು. ಅಲ್ಲಿಂದ ಮರಳಿ ತವರಲ್ಲಿ ತಾತ್ಕಾಲಿಕವಾಗಿ ಇರುವವಳೂ ಆ ಊರಿನ ಮ್ಯಾಜಿಸ್ಟ್ರೇಟರಲ್ಲೇ ಡಿ.ವಿ. ಅರ್ಜಿ ಹಾಕಬಹುದು, 27ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ.

ಈಗ ವಿಚ್ಛೇದನದ ಡಿಕ್ರಿಯ ಮಾತಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಇಲ್ಲಿ. ವಾಸದ ಹಕ್ಕು ಸಂಸಾರದ ಸಂಬಂಧಕ್ಕೆ ಜೋತುಬಿದ್ದ ಹಕ್ಕು. ಸಂಬಂಧವನ್ನೇ ಕಾನೂನು ಕಡಿದ ಮೇಲೆ ಅದು ಎಷ್ಟು ನಿಲ್ಲುತ್ತದೆ? ಮದುವೆ ಇದ್ದಾಗ ನಡೆದ ದೌರ್ಜನ್ಯದ ಹೊಣೆ ವಿಚ್ಛೇದನದಿಂದ ಅಳಿಯದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗೆಂದು ಮಾಜಿ ಹೆಂಡತಿ ಅದೇ ಮನೆಯಲ್ಲಿ ಕೊನೆಯವರೆಗೂ ಇರಬಹುದೆಂದು ನೆಚ್ಚಿಕೊಳ್ಳುವುದು ಅಪಾಯ. ಇದನ್ನು ತಿಳಿಯಲು ಡಿ.ವಿ. ಕಾಯ್ದೆಗೂ ಮುಂಚಿನ ಒಂದು ಪ್ರಕರಣ ಓದಬೇಕು, ಅದೂ ಬೆಂಗಳೂರಿನದೇ: 2005ರ ಫೆಬ್ರವರಿಯಲ್ಲಿ ತೀರ್ಪಾದ ಅಚಲಾ ಆನಂದ್ ಪ್ರಕರಣ. ಬಾಡಿಗೆ ಮನೆ. ಬಾಡಿಗೆದಾರ ಗಂಡ ಹೆಂಡತಿಯನ್ನು ಬಿಟ್ಟು ಹೋದ. ಮಾಲೀಕ ಹೂಡಿದ ಖಾಲಿ ಮಾಡಿಸುವ ದಾವೆಯನ್ನು ಎದುರಿಸುವ ಆಸಕ್ತಿಯೂ ಅವನಿಗಿರಲಿಲ್ಲ. ಒಳಗಿದ್ದ ಹೆಂಡತಿ, ನಾನು ಎದುರಿಸುತ್ತೇನೆ ಎಂದರು. ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ಪೀಠ ತತ್ವದ ಮಟ್ಟಿಗೆ ಆಕೆಯ ಕಡೆ ನಿಂತಿತು: ಗಂಡ ಬಿಟ್ಟುಹೋದ ಹೆಂಡತಿ ಆ ಮನೆಯಲ್ಲಿ ಇರುವ ತನಕ, ಬಾಡಿಗೆದಾರನಿಗಿದ್ದ ಎಲ್ಲ ವಾದಗಳನ್ನೂ ಅವಳು ಮಂಡಿಸಬಹುದು. ಆದರೆ ಅಷ್ಟರಲ್ಲಿ ಆ ದಂಪತಿ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದಾಗಿತ್ತು. ಆ ಒಪ್ಪಂದದಲ್ಲಿ ಆಕೆ ಅದೇ ಮನೆಯಲ್ಲಿ ಮುಂದುವರಿಯುವ ಹಕ್ಕು ಉಳಿಸಿಕೊಂಡದ್ದು ಕಾಣಲಿಲ್ಲ. ಆಕೆ ಸೋತರು. ದೇಶದ ಸಾವಿರಾರು ಹೆಂಗಸರಿಗೆ ಉಪಯೋಗಕ್ಕೆ ಬಂದ ತತ್ವ, ಅದನ್ನು ಗೆದ್ದುಕೊಟ್ಟವರಿಗೆ ಉಪಯೋಗಕ್ಕೆ ಬರಲಿಲ್ಲ.

ಕೌಟುಂಬಿಕ ನ್ಯಾಯಾಲಯದ ಮಧ್ಯಸ್ಥಿಕೆ ಕೋಣೆಯಲ್ಲಿ ತಯಾರಾಗುವ ರಾಜಿಪತ್ರಗಳಲ್ಲಿ ಒಂದು ಸಿದ್ಧ ಸಾಲು ಇರುತ್ತದೆ: ಮುಂದೆ ಗಂಡನ ಚರ–ಸ್ಥಿರ ಸ್ವತ್ತುಗಳಲ್ಲಿ ಯಾವ ಹಕ್ಕನ್ನೂ ಕೇಳುವುದಿಲ್ಲ, ಹೂಡಿರುವ ಎಲ್ಲ ಕೇಸುಗಳನ್ನೂ ವಾಪಸು ತೆಗೆದುಕೊಳ್ಳುತ್ತೇನೆ. ಡಿ.ವಿ. ಕೇಸು ಆ ‘ಎಲ್ಲ’ದರೊಳಗೆ ಬರುತ್ತದೆ, ಅದರ ಜೊತೆ ವಾಸದ ಆದೇಶವೂ ಹೋಗುತ್ತದೆ. ಆ ಸಾಲಿಗೆ ಸಹಿ ಹಾಕುವ ಮುನ್ನ ಬದಲಿಗೆ ಏನು ಸಿಗುತ್ತಿದೆ ಎಂಬುದು ಅದೇ ಕಾಗದದಲ್ಲಿ ಇರಬೇಕು. ಮನೆಯಲ್ಲೇ ಉಳಿಯುವುದಾದರೆ ಎಷ್ಟು ವರ್ಷ, ಮಕ್ಕಳ ಓದು ಮುಗಿಯುವವರೆಗೋ ಜೀವಮಾನಕ್ಕೋ, ಕಂದಾಯ ಯಾರು ಕಟ್ಟಬೇಕು ಎಂದು ಬರೆಯಬೇಕು. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನ ಶಾಶ್ವತ ಜೀವನಾಂಶಕ್ಕೆ ಗಂಡನ ಸ್ಥಿರಾಸ್ತಿಯ ಮೇಲೆ ಭಾರ ಕೂರಿಸಲು ಅವಕಾಶವಿದೆ. ಕೇಳದಿದ್ದರೆ ಕೋರ್ಟು ತಾನಾಗಿ ಕೂರಿಸುವುದು ಅಪರೂಪ. ಮನೆಯನ್ನೇ ಅವಳ ಹೆಸರಿಗೆ ಬಿಟ್ಟುಕೊಡುವ ಮಾತಾದರೆ ಆ ಸ್ವತ್ತು ಅರ್ಜಿಯ ಷೆಡ್ಯೂಲಿನಲ್ಲಿ ಇದೆಯೇ ನೋಡಬೇಕು. ವ್ಯಾಜ್ಯದ ವಸ್ತುವಾಗಿಲ್ಲದ ಸ್ವತ್ತನ್ನು ರಾಜಿ ಡಿಕ್ರಿಯಲ್ಲಿ ಬರೆದರೆ ಆ ಡಿಕ್ರಿಯನ್ನೂ ನೋಂದಾಯಿಸಬೇಕು, ಇಲ್ಲದಿದ್ದರೆ ಖಾತೆ ಬದಲಾಗದೆ ವರ್ಷಗಟ್ಟಲೆ ಅಲೆದಾಟ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮೊದಲ ಹಂತಕ್ಕೂ ಎರಡನೆಯದಕ್ಕೂ ನಡುವೆ ಆರು ತಿಂಗಳ ಬಿಡುವು ಇರುತ್ತದೆ. ತಕ್ಕ ಕಾರಣವಿದ್ದರೆ ಕೋರ್ಟು ಅದನ್ನು ಬಿಡಬಹುದೆಂದು 2017ರಿಂದ ಆಗಿದೆ. ಈ ನಡುವೆ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಮೊದಲ ಹಂತದಲ್ಲೇ ಡಿ.ವಿ. ಅರ್ಜಿ ವಾಪಸು ಪಡೆದು, ಎರಡನೇ ಹಂತಕ್ಕೆ ಗಂಡ ಬಾರದೆ ಹೋದರೆ, ಮದುವೆ ಇರುತ್ತದೆ, ಆದೇಶ ಇರುವುದಿಲ್ಲ. ಒಳ್ಳೆಯ ವಕೀಲರು ಕ್ರಮವನ್ನು ತಿರುಗಿಸಿ ಬರೆಸುತ್ತಾರೆ: ಒಪ್ಪಿದ ಹಣದ ಒಂದು ಭಾಗ ಮೊದಲ ಹಂತದಲ್ಲಿ ಡಿ.ಡಿ. ರೂಪದಲ್ಲಿ, ಮನೆಯ ನೋಂದಣಿ ಎರಡನೇ ಹಂತಕ್ಕೆ ಮುಂಚೆ, ಉಳಿದ ಹಣ ಡಿಕ್ರಿಯ ದಿನ ಕೋರ್ಟಿನಲ್ಲೇ. ಡಿ.ವಿ. ಅರ್ಜಿಯನ್ನು ಹಿಂತೆಗೆದುಕೊಳ್ಳುವ ಮೆಮೋ ಹೋಗುವುದು ಅದಾದ ಮೇಲಿನ ವಾಯಿದೆಗೆ.